ಇ-ಪಾಸ್‌ಪೋರ್ಟ್ ಬಂತು, ಸರಿ. ಅಮ್ಮನ ಬೆರಳಚ್ಚು ಎಲ್ಲಿಟ್ಟಿದ್ದಾರೆ?

ತೋಟದಮನೆ

ಎಲ್ಲರಿಗೂ ನಮಸ್ಕಾರ. ನಾವು ತೀರ್ಥಹಳ್ಳಿ ಕಡೆಯವರು, ಅಡಿಕೆ ತೋಟದವರು. ತಂಗಿ ಜರ್ಮನಿಯಲ್ಲಿದ್ದಾಳೆ. ಅವಳ ಬಾಣಂತನಕ್ಕೆ ಅಮ್ಮ ಹೊರಡಬೇಕು. ಹಳೇ ಪಾಸ್‌ಪೋರ್ಟ್ ಅವಧಿ ಮುಗಿದಿತ್ತು, ಹೊಸದಕ್ಕೆ ಅರ್ಜಿ ಹಾಕಿದೆವು.

ಪಾಸ್‌ಪೋರ್ಟ್ ಸೇವಾ ಕೇಂದ್ರಕ್ಕೆ ಹೋದ ದಿನದ್ದು ಹೇಳ್ತೀನಿ. ನಮ್ಮಲ್ಲಿ ಕೊನೆಕೊಯ್ಲು ಮುಗಿದು ವಾರವೂ ಆಗಿರಲಿಲ್ಲ. ಅಮ್ಮ ಇಪ್ಪತ್ತು ದಿನ ಮೆಟ್ಟುಗತ್ತಿ ಮುಂದೆ ಕೂತು ಅಡಿಕೆ ಸುಲಿದಿದ್ದರು. ಹೆಬ್ಬೆರಳು, ತೋರುಬೆರಳು ಕರೆ ಹಿಡಿದು ಕಪ್ಪಾಗಿದ್ದವು. ತುದಿ ಸವೆದು ನುಣ್ಣಗಾಗಿತ್ತು. ಮೊದಲ ಕೌಂಟರಿನಲ್ಲಿ ಗಾಜಿನ ಮೇಲೆ ಬೆರಳಿಡಿ ಅಂದರು. ಆಗಲಿಲ್ಲ. ಇನ್ನೊಮ್ಮೆ ಇಟ್ಟರು, ಆಗಲೂ ಇಲ್ಲ. ಕೌಂಟರಿನ ಹುಡುಗಿ ಒಳ್ಳೆಯವಳು. ಒದ್ದೆ ಬಟ್ಟೆ ಕೊಟ್ಟು "ಒರೆಸಿಕೊಂಡು ಸ್ವಲ್ಪ ಒತ್ತಿ ಹಿಡೀರಿ ಅಮ್ಮಾ" ಅಂದಳು. ನಾಲ್ಕನೇ ಸಲಕ್ಕೆ ಹೇಗೋ ಬಂತು. ಹೆಬ್ಬೆರಳಿಗೆ ಮತ್ತೆ ಅಷ್ಟೇ ಹೊತ್ತು. ಹಿಂದೆ ಸಾಲಿನಲ್ಲಿದ್ದವರು ಇಣುಕಿ ನೋಡ್ತಿದ್ದರು. ಅಮ್ಮ ಕೈಗಳನ್ನು ಸೆರಗಿನೊಳಗೆ ಎಳೆದುಕೊಂಡರು. ಜೀವನಪೂರ್ತಿ ದುಡಿದ ಕೈ ಅದು. ಅದನ್ನು ಮುಚ್ಚಿಕೊಳ್ಳೋ ಹಾಗಾಯ್ತಲ್ಲ ಅಂತ ನನಗೆ ಹೊಟ್ಟೆ ಉರೀತು.

ಮೊನ್ನೆ ಸ್ಪೀಡ್ ಪೋಸ್ಟ್‌ನಲ್ಲಿ ಪಾಸ್‌ಪೋರ್ಟ್ ಬಂತು. ರಟ್ಟಿನ ಮೇಲೆ ಬಂಗಾರದ ಬಣ್ಣದ ಒಂದು ಗುರುತು, ಸಣ್ಣ ಆಯತ, ನಡುವೆ ವೃತ್ತ. ಇದರೊಳಗೆ ಚಿಪ್ ಇದೆ ಅಂದೆ. ಅಮ್ಮ ತಿರುಗಿಸಿ ತಿರುಗಿಸಿ ನೋಡಿ ಕೇಳಿದರು, "ಅಷ್ಟು ಕಷ್ಟಪಟ್ಟು ಬೆರಳು ತಗೊಂಡರಲ್ಲ, ಅದು ಇದರೊಳಗಿದೆಯಾ, ಇಲ್ಲಾ ಅವರ ಹತ್ತಿರ ಇದೆಯಾ?"

ನನಗೆ ಉತ್ತರ ಗೊತ್ತಿರಲಿಲ್ಲ. ತಿಳಿದವರು ಹೇಳಿ. ಇನ್ನೊಂದು, ಅಮ್ಮ ಇದನ್ನು ಕಬ್ಬಿಣದ ಬೀರುವಿನಲ್ಲಿ ಇಡ್ತಾರೆ. ಚಿಪ್ ಹಾಳಾಗುತ್ತಾ?

ಚಿಪ್_ಕೆಲಸದವ

ಬೀರುವಿನಲ್ಲಿ ಧಾರಾಳವಾಗಿ ಇಡಿ ಸರ್. ಕಬ್ಬಿಣ ರೇಡಿಯೋ ಅಲೆಗಳನ್ನು ತಡೆಯುತ್ತೆ, ಹಾಗಾಗಿ ಇನ್ನೂ ಒಳ್ಳೆಯದೇ. ರಟ್ಟಿಗೆ ಪಿನ್ ಹೊಡೀಬೇಡಿ, ಮಡಚಬೇಡಿ, ತೂತು ಮಾಡಬೇಡಿ. ಚಿಪ್ಪಿನ ಜೊತೆ ತೆಳುವಾದ ತಂತಿಯ ಸುರುಳಿ ಇರುತ್ತೆ, ಅದು ತುಂಡಾದರೆ ಚಿಪ್ ಸುಮ್ಮನಾಗುತ್ತೆ.

ನಾನು ಬೆಂಗಳೂರಿನಲ್ಲಿ ಸ್ಮಾರ್ಟ್ ಕಾರ್ಡ್ ಕೆಲಸದಲ್ಲಿ ಹದಿನಾಲ್ಕು ವರ್ಷದಿಂದ ಇದ್ದೀನಿ. ಒಳಗೆ ಏನು ನಡೆಯುತ್ತೆ ಅಂತ ಸರಳವಾಗಿ ಹೇಳ್ತೀನಿ.

ಚಿಪ್ಪಿಗೆ ಬ್ಯಾಟರಿ ಇಲ್ಲ. ಓದುವ ಯಂತ್ರದ ಹತ್ತಿರ ತಂದಾಗ ಅದರಿಂದಲೇ ಶಕ್ತಿ ಎಳೆದುಕೊಂಡು ಎಚ್ಚರ ಆಗುತ್ತೆ. ಅದೂ ಕೆಲವೇ ಸೆಂಟಿಮೀಟರ್ ದೂರದಲ್ಲಿ. ಎಚ್ಚರ ಆದರೂ ಬಾಯಿ ಬಿಡಲ್ಲ. ಫೋಟೋ ಇರುವ ಪುಟದ ಕೆಳಗೆ ಎರಡು ಸಾಲು ಇರುತ್ತೆ ನೋಡಿ, ಒಂದೊಂದರಲ್ಲಿ 44 ಅಕ್ಷರ, ನಡುನಡುವೆ ಬಾಣದ ತಲೆಯಂಥ ಗುರುತು. ಆ ಸಾಲಿನಲ್ಲಿರುವ ಪಾಸ್‌ಪೋರ್ಟ್ ನಂಬರ್, ಹುಟ್ಟಿದ ದಿನ, ಅವಧಿ ಮುಗಿಯುವ ದಿನ, ಈ ಮೂರೂ ಸೇರಿದರೆ ಚಿಪ್ಪಿನ ಬೀಗದ ಕೈ. ಅಂದ್ರೆ ಪುಸ್ತಕ ತೆರೆದು ತೋರಿಸಿದರೆ ಮಾತ್ರ ಚಿಪ್ ಮಾತಾಡುತ್ತೆ. ಬಸ್ಸಿನಲ್ಲಿ ಪಕ್ಕ ನಿಂತವನು ಜೇಬಿನೊಳಗಿಂದ ಕದ್ದು ಓದ್ತಾನೆ ಅನ್ನೋ ಭಯ ಬೇಡ.

ತೆರೆದ ಮೇಲೆ ಸಿಗೋದು ಆ ಎರಡು ಸಾಲಿನ ವಿವರ ಮತ್ತು ಫೋಟೋ. ಅದರ ಜೊತೆ ಸರ್ಕಾರದ ಡಿಜಿಟಲ್ ಸಹಿ. ಯಾರಾದರೂ ಫೋಟೋದಲ್ಲಿ ಒಂದು ಚುಕ್ಕೆ ಬದಲಿಸಿದರೂ ಸಹಿ ತಾಳೆ ಆಗಲ್ಲ. ಬೇರೆ ದೇಶದ ಅಧಿಕಾರಿ ನಂಬೋದು ಈ ಸಹಿಯನ್ನು. ಇದೇ ಇಡೀ ವ್ಯವಸ್ಥೆಯ ಬೆನ್ನೆಲುಬು.

ಇನ್ನು ಬೆರಳು. ವಿಶ್ವಸಂಸ್ಥೆಯ ವಿಮಾನಯಾನ ಸಂಸ್ಥೆ ಐಕಾವೋ 9303 ಅನ್ನೋ ದಾಖಲೆಯಲ್ಲಿ ನಿಯಮ ಬರೆದಿದೆ. ಅದರ ಪ್ರಕಾರ ಮುಖದ ಚಿತ್ರ ಕಡ್ಡಾಯ. ಬೆರಳಚ್ಚು, ಕಣ್ಣಿನ ಪಾಪೆ ಎರಡೂ ಆಯಾ ದೇಶದ ಇಷ್ಟ. ಬೆರಳಚ್ಚು ಹಾಕಿದರೆ ಅದಕ್ಕೆ ಎರಡನೇ ಬೀಗ ಇರುತ್ತೆ. ಅದನ್ನು ತೆರೆಯೋ ಅನುಮತಿ ಪಾಸ್‌ಪೋರ್ಟ್ ಕೊಟ್ಟ ದೇಶದ ಕೈಯಲ್ಲೇ ಇರುತ್ತೆ.

ಅಮ್ಮನ ಪ್ರಶ್ನೆಯಲ್ಲಿ ಎರಡು ಭಾಗ ಇದೆ. "ಇದರೊಳಗಿದೆಯಾ" ಅನ್ನೋದು ನನ್ನ ಕೆಲಸಕ್ಕೆ ಸೇರಿದ್ದು. "ಅವರ ಹತ್ತಿರ ಇದೆಯಾ" ಅನ್ನೋದು ಕಾನೂನಿಗೆ ಸೇರಿದ್ದು. ನನ್ನ ಅನುಭವದಲ್ಲಿ ಎರಡನೆಯದೇ ದೊಡ್ಡ ಪ್ರಶ್ನೆ.

ಉಡುಪಿ_ರಾಯರು

ನಾನು ಮೂವತ್ತು ವರ್ಷ ಟ್ರಾವೆಲ್ ಏಜೆನ್ಸಿ ನಡೆಸಿದವನು. ಹಳೇ ಕಾಲದ ಮಾತು ಸ್ವಲ್ಪ ಹೇಳಬೇಕು ಅನ್ನಿಸ್ತು. ಚಿಪ್ ಯಾಕೆ ಬಂತು ಅಂತ ಈಗಿನ ಹುಡುಗರಿಗೆ ಗೊತ್ತಿಲ್ಲ.

2001ಕ್ಕೆ ಮೊದಲು ನಮ್ಮ ಪಾಸ್‌ಪೋರ್ಟ್ ಕೈಬರಹದ್ದು. ಗುಮಾಸ್ತರು ಪೆನ್ನಿನಲ್ಲಿ ಹೆಸರು ಬರೀತಿದ್ದರು, ಫೋಟೋ ಅಂಟಿಸ್ತಿದ್ದರು. ಕರಾವಳಿಯ ಬೆವರಿಗೆ, ಮಳೆಗಾಲದ ತೇವಕ್ಕೆ ಅಂಟು ಬಿಡ್ತಿತ್ತು. ಫೋಟೋದ ಮೂಲೆ ಎದ್ದಿದೆ ಅಂತ ಗಲ್ಫಿನ ಏರ್‌ಪೋರ್ಟಿನಲ್ಲಿ ಗಂಟೆಗಟ್ಟಲೆ ಕೂರಿಸಿದ ಹುಡುಗರನ್ನು ನಾನು ಕಂಡಿದ್ದೀನಿ. ಅವರದೇನೂ ತಪ್ಪಿರಲಿಲ್ಲ. ಫೋಟೋ ಬದಲಿಸಿ ಮೋಸ ಮಾಡುವವರು ಬೇರೆ ಇದ್ದರು, ಅನುಮಾನದ ಪೆಟ್ಟು ಎಲ್ಲರಿಗೂ ಬೀಳ್ತಿತ್ತು.

ಆಮೇಲೆ ಯಂತ್ರ ಓದುವ ಪಾಸ್‌ಪೋರ್ಟ್ ಬಂತು. ಕೈಬರಹದ್ದನ್ನು 2015ರ ನವೆಂಬರ್ 24ರ ನಂತರ ಜಗತ್ತಿನಲ್ಲಿ ಎಲ್ಲೂ ಒಪ್ಪಬೇಡಿ ಅಂತ ಐಕಾವೋ ಗಡುವು ಹಾಕಿತು. ಅದಕ್ಕೆ ಒಂದು ವರ್ಷ ಮೊದಲು, 2014ರ ನವೆಂಬರ್ ಕೊನೆಗೆ, ಸುಮಾರು 2,86,000 ಭಾರತೀಯರ ಕೈಯಲ್ಲಿ ಇನ್ನೂ ಅಂಥ ಪಾಸ್‌ಪೋರ್ಟ್ ಇತ್ತು. ಇಪ್ಪತ್ತು ವರ್ಷದ ಅವಧಿಗೆ ಕೊಟ್ಟಿದ್ದವು ಅವು. ನಮ್ಮ ಅಂಗಡಿಗೆ ಆ ವರ್ಷ ಬಂದವರಲ್ಲಿ ಜಾಸ್ತಿ ಜನ ವಯಸ್ಸಾದವರು. ರಜೆಗೆ ಊರಿಗೆ ಬಂದಾಗ ವಿಷಯ ಗೊತ್ತಾಗಿ ಗಾಬರಿಯಿಂದ ಓಡಿ ಬರ್ತಿದ್ದರು.

ಚಿಪ್ ಇರೋದು ನಮ್ಮ ಸರ್ಕಾರಕ್ಕೂ ಹೊಸದಲ್ಲ. 2008ರಲ್ಲೇ ಆಗಿನ ರಾಷ್ಟ್ರಪತಿ ಪ್ರತಿಭಾ ಪಾಟೀಲರಿಗೆ ಮೊದಲ ಇ-ಪಾಸ್‌ಪೋರ್ಟ್ ಕೊಟ್ಟರು. ರಾಜತಾಂತ್ರಿಕರಿಗೆ, ಅಧಿಕಾರಿಗಳಿಗೆ ಮಾತ್ರ ಅಂತ ಶುರುವಾಗಿದ್ದು, ಸಾಮಾನ್ಯರಿಗೆ ಬರಲು ಹದಿನಾರು ವರ್ಷ ಬೇಕಾಯ್ತು. 2024ರ ಏಪ್ರಿಲ್ 1ಕ್ಕೆ ನಾಗಪುರ, ಭುವನೇಶ್ವರದಲ್ಲಿ ಪ್ರಯೋಗ, 2025ರ ಮಾರ್ಚ್‌ನಲ್ಲಿ ಚೆನ್ನೈ, ಆಮೇಲೆ ಉಳಿದ ಕಡೆ. ಅಷ್ಟರಲ್ಲಿ ಬಾಂಗ್ಲಾದೇಶ 2020ರಲ್ಲಿ, ನೇಪಾಳ 2021ರಲ್ಲಿ ಶುರು ಮಾಡಿಯಾಗಿತ್ತು. ಮಲೇಷ್ಯಾ ಅಂತೂ 1998ರಲ್ಲೇ ಕೊಟ್ಟಿತ್ತು.

ತಡವಾದರೂ ಬಂತಲ್ಲ ಅಂತ ನನಗೆ ನಿಜಕ್ಕೂ ಸಂತೋಷ. ಅಂಟು ಬಿಟ್ಟ ಫೋಟೋಗೆ ನಮ್ಮ ಹುಡುಗರು ಅವಮಾನ ಪಡೋದು ಇನ್ನಿಲ್ಲ.

ನಾಗರಬಾವಿ_ಓದುಗ

ಒಂದು ಮಾತು ನೇರವಾಗಿ ಕೇಳ್ತೀನಿ, ಬೇಜಾರಾಗಬೇಡಿ. ಆಧಾರ್‌ಗೆ ಹತ್ತೂ ಬೆರಳು, ಎರಡೂ ಕಣ್ಣು ಕೊಟ್ಟಾಗಿದೆ. ಸಿಮ್ ಕಾರ್ಡಿಗೆ, ರೇಷನ್‌ಗೆ ಹೆಬ್ಬೆಟ್ಟು ಒತ್ತುತ್ತೀವಿ. ಪಾಸ್‌ಪೋರ್ಟ್ ಒಂದಕ್ಕೆ ಯಾಕೆ ಇಷ್ಟು ಯೋಚನೆ? ತಪ್ಪು ಮಾಡದವರಿಗೆ ಭಯ ಯಾಕೆ? ಗಡಿಯಲ್ಲಿ ಕಳ್ಳರು ಸಿಕ್ಕಿಬಿದ್ದರೆ ನಮಗೇ ಒಳ್ಳೆಯದಲ್ವಾ?

ಕಾನೂನು_ಓದುವವಳು

ಅಣ್ಣಾ, ನಿಮ್ಮ ಪ್ರಶ್ನೆ ತುಂಬಾ ಜನರ ಮನಸ್ಸಿನಲ್ಲಿದೆ. ಅದಕ್ಕೇ ಸ್ವಲ್ಪ ಉದ್ದ ಬರೀತೀನಿ.

ಖಾಸಗಿತನ ನಮ್ಮ ಮೂಲಭೂತ ಹಕ್ಕು ಅಂತ ಸುಪ್ರೀಂ ಕೋರ್ಟು 2017ರ ಆಗಸ್ಟ್ 24ರಂದು ಹೇಳಿತು. ಒಂಬತ್ತು ನ್ಯಾಯಮೂರ್ತಿಗಳು, ಒಮ್ಮತದಿಂದ. ಆ ಮೊಕದ್ದಮೆ ಹೂಡಿದವರು ನಮ್ಮವರೇ, ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಆಧಾರ್ ವಿರುದ್ಧ ಕೋರ್ಟಿಗೆ ಹೋದಾಗ ಅವರಿಗೆ ಎಂಬತ್ತು ದಾಟಿತ್ತು. ಆ ವಯಸ್ಸಿನಲ್ಲಿ ಬೆಂಗಳೂರಿನಲ್ಲಿ ಸುಮ್ನೆ ಆರಾಮಾಗಿ ಇರಬಹುದಿತ್ತು. ಇರಲಿಲ್ಲ. 2024ರಲ್ಲಿ ತೀರಿಕೊಂಡರು. ಅವರ ಹೆಸರು ಇವತ್ತು ದೇಶದ ಎಲ್ಲ ಕಾನೂನು ಕಾಲೇಜುಗಳಲ್ಲಿ ಪಾಠ. ನಮ್ಮೂರಿನಲ್ಲಿ ಮಾತ್ರ ಎಷ್ಟು ಜನಕ್ಕೆ ಗೊತ್ತು ಅಂತ ನನಗೆ ನೋವಿದೆ.

ಆ ತೀರ್ಪು ಸರ್ಕಾರ ಮಾಹಿತಿ ತಗೊಳ್ಳಲೇಬಾರದು ಅನ್ನಲಿಲ್ಲ. ತಗೊಳ್ಳೋದಾದರೆ ಅದಕ್ಕೆ ಕಾಯ್ದೆ ಇರಬೇಕು, ನ್ಯಾಯವಾದ ಉದ್ದೇಶ ಇರಬೇಕು, ಆ ಉದ್ದೇಶಕ್ಕೆ ಎಷ್ಟು ಬೇಕೋ ಅಷ್ಟನ್ನೇ ತಗೋಬೇಕು ಅಂದಿತು. ಇದೇ ಅಳತೆಗೋಲು.

ಈಗ ಪಾಸ್‌ಪೋರ್ಟಿಗೆ ಬನ್ನಿ. ನಮ್ಮ ಪಾಸ್‌ಪೋರ್ಟ್ ಕಾಯ್ದೆ 1967ರದ್ದು. ಪೆನ್ನು, ಅಂಟು, ಮೊಹರಿನ ಕಾಲದಲ್ಲಿ ಬರೆದದ್ದು. ಆಗ ಪಾಸ್‌ಪೋರ್ಟಿನಲ್ಲಿ ಚಿಪ್ ಅನ್ನೋ ಮಾತೇ ಇರಲಿಲ್ಲ. 2023ರಲ್ಲಿ ಡಿಜಿಟಲ್ ವೈಯಕ್ತಿಕ ಮಾಹಿತಿ ರಕ್ಷಣೆ ಕಾಯ್ದೆ ಬಂತು, 2025ರ ನವೆಂಬರಿನಲ್ಲಿ ಅದರ ನಿಯಮಗಳೂ ಬಂದವು. ಆದರೆ ದೇಶದ ಭದ್ರತೆಯ ಕಾರಣ ಕೊಟ್ಟು ಸರ್ಕಾರ ತನ್ನ ಯಾವುದೇ ಸಂಸ್ಥೆಯನ್ನು ಆ ಕಾಯ್ದೆಯಿಂದ ಹೊರಗಿಡಬಹುದು. ಆ ಬಾಗಿಲು ತೆರೆದೇ ಇದೆ.

ತಪ್ಪು ಮಾಡದವರಿಗೆ ಭಯ ಯಾಕೆ ಅಂದಿರಿ. ಪಾಸ್‌ವರ್ಡ್ ಕಳೆದರೆ ಬದಲಿಸಬಹುದು. ಬೆರಳು ಬದಲಿಸೋಕೆ ಆಗಲ್ಲ ಅಣ್ಣಾ. ತೋಟದಮನೆಯ ಅಮ್ಮ ಏನೂ ತಪ್ಪು ಮಾಡಿಲ್ಲ. ಅವರು ಕೇಳಿದ್ದು ಒಂದೇ, ನನ್ನದು ಎಲ್ಲಿದೆ ಅಂತ. ಬ್ಯಾಂಕಿನಲ್ಲಿ ಅಡವಿಟ್ಟ ಒಡವೆಗೂ ರಸೀದಿ ಕೊಡ್ತಾರೆ.

ಸ್ಟುಟ್‌ಗಾರ್ಟ್_ಕನ್ನಡತಿ

ಅಮ್ಮ ಜರ್ಮನಿಗೆ ಬರ್ತಿದ್ದಾರೆ ಅಂತ ನೋಡಿ ಖುಷಿಯಾಯ್ತು. ಬಾಣಂತನಕ್ಕೆ ಬರೋ ಅಮ್ಮಂದಿರೇ ಇಲ್ಲಿ ನಮಗೆ ಊರು.

ನಾನು ಹನ್ನೆರಡು ವರ್ಷದಿಂದ ಇಲ್ಲಿದ್ದೀನಿ, ಈಗ ಜರ್ಮನ್ ಪಾಸ್‌ಪೋರ್ಟ್. ಅದಕ್ಕೆ ಅರ್ಜಿ ಹಾಕುವಾಗ ಇಲ್ಲೂ ಬೆರಳಚ್ಚು ಕೊಟ್ಟೆ. ಎರಡೇ ಬೆರಳು. ಕೌಂಟರಿನ ಹೆಂಗಸು ತಾನಾಗಿ ಹೇಳಿದಳು, "ಪುಸ್ತಕ ನಿಮ್ಮ ಕೈಗೆ ಬಂದ ಮೇಲೆ ನಮ್ಮ ಹತ್ತಿರ ಇರೋದನ್ನು ಅಳಿಸ್ತೀವಿ." ಇದು ಅವಳ ಒಳ್ಳೆತನ ಅಲ್ಲ, ಇಲ್ಲಿನ ಪಾಸ್‌ಪೋರ್ಟ್ ಕಾಯ್ದೆಯಲ್ಲೇ ಬರೆದಿದೆ. ಬೆರಳಚ್ಚು ಉಳಿಯೋದು ಚಿಪ್ಪಿನಲ್ಲಿ ಮಾತ್ರ.

ಹಾಗಂತ ಜನ ಸುಮ್ಮನೆ ಒಪ್ಪಿಕೊಳ್ಳಲಿಲ್ಲ. ಬೆರಳಚ್ಚು ಕೊಡಲ್ಲ ಅಂತ ಬೋಖುಮ್ ಊರಿನ ಒಬ್ಬರು ಯುರೋಪಿನ ನ್ಯಾಯಾಲಯದವರೆಗೆ ಹೋದರು. 2013ರ ಅಕ್ಟೋಬರಿನಲ್ಲಿ ತೀರ್ಪು ಬಂತು. ಅವರು ಸೋತರು. ಆದರೆ ಕೋರ್ಟು ಒಪ್ಪಿದ ಕಾರಣ ನೋಡಿ. ಈ ನಿಯಮದ ಪ್ರಕಾರ ಬೆರಳಚ್ಚು ಪಾಸ್‌ಪೋರ್ಟಿನೊಳಗೆ ಮಾತ್ರ ಇರುತ್ತೆ, ಪುಸ್ತಕ ಅದರ ಒಡೆಯರ ಕೈಯಲ್ಲೇ ಇರುತ್ತೆ, ಎಲ್ಲರ ಬೆರಳನ್ನೂ ಒಂದೇ ಕಡೆ ಕೂಡಿಡೋಕೆ ಈ ನಿಯಮ ಅನುಮತಿ ಕೊಡಲ್ಲ ಅಂತ. ನೆದರ್ಲೆಂಡ್ಸ್ ಕೂಡಿಡೋಕೆ ಹೊರಟಿತ್ತು, 2011ರಲ್ಲಿ ನಿಲ್ಲಿಸಿತು. ಬ್ರಿಟನ್ ಪಾಸ್‌ಪೋರ್ಟಿಗೆ ಬೆರಳಚ್ಚು ಸೇರಿಸೋ ಯೋಜನೆಯನ್ನೇ 2010ರಲ್ಲಿ ಕೈಬಿಟ್ಟಿತು. ಅವರದರಲ್ಲಿ ಮುಖ ಮಾತ್ರ.

ಅಮ್ಮನಿಗೆ ಇಲ್ಲಿ ಏನು ಆಗುತ್ತೆ ಅಂತಲೂ ಹೇಳಿಬಿಡ್ತೀನಿ, ಮೊದಲೇ ಗೊತ್ತಿದ್ದರೆ ಗಾಬರಿ ಇರಲ್ಲ. ವೀಸಾ ಅರ್ಜಿಯ ಹೊತ್ತಿನಲ್ಲಿ ಅಲ್ಲೇ ಹತ್ತು ಬೆರಳು ತಗೋತಾರೆ. ಒಮ್ಮೆ ಕೊಟ್ಟರೆ 59 ತಿಂಗಳು ಮತ್ತೆ ಬಳಸಬಹುದು. ಇಲ್ಲಿ ಇಳಿದಾಗ, 2025ರ ಅಕ್ಟೋಬರ್ 12ರಿಂದ ಶುರುವಾದ ಹೊಸ ವ್ಯವಸ್ಥೆಯಲ್ಲಿ ಮುಖದ ಫೋಟೋ ತೆಗೀತಾರೆ. ಯುರೋಪಿನಿಂದ ಹೊರಟ ಮೇಲೆ ಮೂರು ವರ್ಷ ಆ ದಾಖಲೆ ಇಟ್ಟುಕೊಂಡು ಆಮೇಲೆ ಅಳಿಸಬೇಕು ಅಂತ ಕಾನೂನು.

ಅಡಿಕೆ ಸುಲಿದ ಕೈ ಅಂದಿರಲ್ಲ, ವೀಸಾ ದಿನಕ್ಕೆ ಎರಡು ವಾರ ಮೊದಲೇ ಸುಲಿಯೋದು ನಿಲ್ಲಿಸಲಿ. ದಿನಾ ರಾತ್ರಿ ಕೊಬ್ಬರಿ ಎಣ್ಣೆ ಹಚ್ಚಲಿ. ಹೋಗೋ ದಿನ ಮಾತ್ರ ಎಣ್ಣೆ ಬೇಡ, ಗಾಜಿನ ಮೇಲೆ ಜಾರುತ್ತೆ. ನನ್ನ ಅತ್ತೆಗೆ ಹೀಗೇ ಮಾಡಿಸಿದ್ದೆ.

ತೋಟದಮನೆ

ಅಕ್ಕಾ, ತುಂಬಾ ಉಪಕಾರ ಆಯ್ತು. ಎಣ್ಣೆ ವಿಷಯ ಅಮ್ಮನಿಗೆ ಆಗಲೇ ಹೇಳಿದೆ.

ನಿಮ್ಮ ಮಾತು ಓದಿದ ಮೇಲೆ ತಲೆಯಲ್ಲಿ ಒಂದೇ ವಿಷಯ ಸುತ್ತುತ್ತಿದೆ. ಅಮ್ಮನ ಮುಖವನ್ನು ಯುರೋಪ್ ಎಷ್ಟು ವರ್ಷ ಇಟ್ಟುಕೊಳ್ಳುತ್ತೆ ಅಂತ ನೀವು ಒಂದೇ ಸಾಲಿನಲ್ಲಿ ಹೇಳಿಬಿಟ್ಟಿರಿ. ಅವರು ಅಲ್ಲಿಯ ಪ್ರಜೆಯೂ ಅಲ್ಲ. ನಮ್ಮ ದೇಶದಲ್ಲಿ, ನಮ್ಮದೇ ಸರ್ಕಾರದಿಂದ, ಅಷ್ಟೇ ಚಿಕ್ಕ ಉತ್ತರ ಅಮ್ಮನಿಗೆ ಸಿಗಬೇಕು. ಹೆಚ್ಚೇನೂ ಕೇಳ್ತಿಲ್ಲ.

ಕಡಲ_ಕೆಲಸ

ಮಂಗಳೂರಿನವ, ಹಡಗಿನಲ್ಲಿ ಎಂಜಿನ್ ವಿಭಾಗ. ಈ ಚರ್ಚೆಗೆ ನಮ್ಮ ಕಡೆಯಿಂದ ಒಂದು ವಿಷಯ ಸೇರಿಸಲೇಬೇಕು, ಯಾಕಂದ್ರೆ ಇದು ನಮ್ಮಲ್ಲಿ ಆಗಲೇ ನಡೆದು ಹೋಗಿದೆ.

ಹಡಗಿನವರಿಗೆ ಪಾಸ್‌ಪೋರ್ಟ್ ಜೊತೆ ಬೇರೆ ಗುರುತಿನ ಚೀಟಿ ಬೇಕು. ಬಂದರಿನಲ್ಲಿ ಹಡಗು ನಿಂತಾಗ ನಾಲ್ಕು ಗಂಟೆ ಊರೊಳಗೆ ಹೋಗಿ ಮನೆಗೆ ಫೋನ್ ಮಾಡಿ ಬರೋಕೆ. ನೆಲದ ಮೇಲಿರುವವರಿಗೆ ಆ ನಾಲ್ಕು ಗಂಟೆಯ ಬೆಲೆ ಗೊತ್ತಾಗಲ್ಲ. 2001ರ ದಾಳಿಯ ನಂತರ ಅಮೆರಿಕದ ಬಂದರುಗಳಲ್ಲಿ ಇಳಿಯೋಕೇ ಕಷ್ಟ ಆಯ್ತು. ಅದಕ್ಕೆ ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 2003ರಲ್ಲಿ 185ನೇ ಒಪ್ಪಂದ ಮಾಡಿತು. ಎಲ್ಲ ದೇಶವೂ ಒಂದೇ ಥರದ ಬಯೋಮೆಟ್ರಿಕ್ ಚೀಟಿ ಕೊಡಲಿ ಅಂತ. ಭಾರತ 2015ರಲ್ಲಿ ಒಪ್ಪಿ ಸೇರಿತು.

ಮೊದಲು ಅದರಲ್ಲಿ ಇದ್ದದ್ದು ಬೆರಳಚ್ಚೇ, ಎರಡು ಬೆರಳು. ಎಂಜಿನ್ ರೂಮಿನಲ್ಲಿ ದುಡಿಯುವವರ ಬೆರಳು ಹೇಗಿರುತ್ತೆ ಗೊತ್ತಾ? ಗ್ರೀಸು, ಡೀಸೆಲ್, ಬಿಸಿ ಪೈಪು. ಡೆಕ್ಕಿನವರದ್ದು ಹಗ್ಗ ಎಳೆದೂ ಎಳೆದೂ ಸವೆದಿರುತ್ತೆ. ತೋಟದಮನೆಯವರ ಅಮ್ಮನ ಕೈ ಓದುವಾಗ ನನ್ನ ಬೋಸನ್, ಅಂದ್ರೆ ಡೆಕ್ಕಿನ ಕೆಲಸದವರ ಮೇಸ್ತ್ರಿ, ನೆನಪಾದರು. ಆಮೇಲೆ 2016ರಲ್ಲಿ ಒಪ್ಪಂದ ತಿದ್ದಿದರು. ಬೆರಳು ಹೋಯ್ತು, ಐಕಾವೋ ಥರದ ಚಿಪ್ ಬಂತು, ಅದರಲ್ಲಿ ಮುಖ. 2019ರ ನವೆಂಬರಿನಲ್ಲಿ ಮುಖದ ಬಯೋಮೆಟ್ರಿಕ್ ಇರುವ ಚೀಟಿಯನ್ನು ಜಗತ್ತಿನಲ್ಲೇ ಮೊದಲು ಕೊಟ್ಟಿದ್ದು ಭಾರತ. ಒಂಬತ್ತು ಕೇಂದ್ರ ತೆರೆದರು, ಅದರಲ್ಲಿ ನಮ್ಮ ನವಮಂಗಳೂರೂ ಒಂದು. ನನ್ನದು ಅಲ್ಲೇ ಆಗಿದ್ದು.

ಇನ್ನು ಮುಖ್ಯವಾದದ್ದು. ಆ ಒಪ್ಪಂದದ ಪುಟಗಳನ್ನು ನಮ್ಮ ಸಂಘದವರು ನಮಗೆ ಓದಿಸಿದ್ದರು. ಅದರಲ್ಲಿ ಎರಡು ಮಾತು ಸ್ಪಷ್ಟವಾಗಿದೆ. ಸರ್ಕಾರ ತನ್ನ ದಾಖಲೆಯಲ್ಲಿ ಚೀಟಿ ಪರೀಕ್ಷಿಸೋಕೆ ಬೇಕಾದಷ್ಟೇ ವಿವರ ಇಡಬೇಕು, ಅದು ನಾವಿಕನ ಖಾಸಗಿತನಕ್ಕೆ ಧಕ್ಕೆ ತರಬಾರದು. ಇನ್ನೊಂದು, ಕಣ್ಣಿಗೆ ಕಾಣದ, ಯಂತ್ರ ಮಾತ್ರ ಓದುವ ಮಾಹಿತಿ ಏನಿದ್ದರೂ, ಅದನ್ನು ನಾವಿಕ ತಾನೇ ನೋಡೋಕೆ ಯಂತ್ರದ ಅನುಕೂಲ ಮಾಡಿಕೊಡಬೇಕು.

ನಮ್ಮ ಸರ್ಕಾರ ಇದಕ್ಕೆ ಸಹಿ ಹಾಕಿದೆ. ಹಡಗಿನವನಿಗೆ ಒಪ್ಪಿದ ಹಕ್ಕನ್ನು ಅಡಿಕೆ ಸುಲಿಯೋ ಅಮ್ಮನಿಗೆ ಯಾಕೆ ಒಪ್ಪಬಾರದು?

ಚಿಪ್_ಕೆಲಸದವ

ಕಡಲಿನ ಅಣ್ಣ, ಈ ಮಾತಿಗೆ ನಾನು ಎದ್ದು ನಿಂತೆ. ಹದಿನಾಲ್ಕು ವರ್ಷದಲ್ಲಿ ಈ ಸಾಲು ನನ್ನ ಕಣ್ಣಿಗೆ ಬಿದ್ದಿರಲಿಲ್ಲ.

ತಾಂತ್ರಿಕವಾಗಿ ಇದು ದೊಡ್ಡ ಕೆಲಸವೇ ಅಲ್ಲ. ಪಾಸ್‌ಪೋರ್ಟ್ ಸೇವಾ ಕೇಂದ್ರದ ಒಂದು ಮೂಲೆಯಲ್ಲಿ ಒಂದು ಪರದೆ, ಒಂದು ಓದುವ ಯಂತ್ರ. ಪುಸ್ತಕ ಇಟ್ಟರೆ ಒಳಗೆ ಯಾವ್ಯಾವ ವಿವರ ಇದೆ ಅಂತ ಕನ್ನಡದಲ್ಲಿ ತೋರಿಸಲಿ. ಹೆಸರು ಸರಿ ಇದೆಯಾ, ಫೋಟೋ ನಂದೇನಾ, ಬೆರಳಚ್ಚು ಇದೆಯಾ ಇಲ್ಲವಾ. ಎನ್‌ಎಫ್‌ಸಿ, ಅಂದ್ರೆ ಹತ್ತಿರ ಹಿಡಿದು ಚಿಪ್ ಓದುವ ಸೌಲಭ್ಯ, ಇರುವ ಫೋನಿಗೇ ಚಿಪ್ಪಿನ ಮೊದಲ ಬೀಗ ತೆಗೆಯೋ ಶಕ್ತಿ ಇದೆ. ಆದರೆ ಯಾರೋ ಮಾಡಿದ ಆಪ್‌ಗೆ ಪಾಸ್‌ಪೋರ್ಟ್ ತೋರಿಸಿ ಅಂತ ನಾನು ಯಾರಿಗೂ ಹೇಳಲ್ಲ. ಆ ಕೆಲಸ ಸರ್ಕಾರದ ಯಂತ್ರವೇ ಮಾಡಬೇಕು.

ಇದೇ ಹೊತ್ತಿಗೆ ಇನ್ನೊಂದು. ಪಾಸ್‌ಪೋರ್ಟ್ ಪುಟದ ಫೋಟೋ ತೆಗೆದು ವಾಟ್ಸಾಪ್‌ನಲ್ಲಿ ಸಿಕ್ಕಸಿಕ್ಕವರಿಗೆ ಕಳಿಸಬೇಡಿ. ಚಿಪ್ಪಿನ ಬಗ್ಗೆ ಇಷ್ಟು ಹೆದರುವ ನಾವು ಆ ಪುಟವನ್ನೇ ಹೋಟೆಲ್ಲಿಗೆ, ಏಜೆಂಟಿಗೆ, ಟಿಕೆಟ್ ಹುಡುಗನಿಗೆ ಕೊಟ್ಟಿರ್ತೀವಿ. ಚಿಪ್ಪಿನ ಮೊದಲ ಬೀಗದೊಳಗೆ ಇರೋದೆಲ್ಲ ಆ ಪುಟದಲ್ಲೇ ಅಚ್ಚಾಗಿದೆ.

ಉಡುಪಿ_ರಾಯರು

ಈ ಮಾತು ನಿಜ. ನಮ್ಮ ಅಂಗಡಿಯಲ್ಲೇ ಜೆರಾಕ್ಸ್ ಕಟ್ಟು ಕಟ್ಟಿ ಇಟ್ಟಿರ್ತಿದ್ದೆವು. ಅಂಗಡಿ ಮುಚ್ಚಿದ ವರ್ಷ ಮಗನೂ ನಾನೂ ಕೂತು ಎರಡು ದಿನ ಎಲ್ಲವನ್ನೂ ಹರಿದು ಒಲೆಗೆ ಹಾಕಿದೆವು. ಹಾಗೆ ಮಾಡಿ ಅಂತ ಯಾವ ನಿಯಮವೂ ನಮಗೆ ಹೇಳಿರಲಿಲ್ಲ. ಜನರ ಮುಖ, ಮನೆ ವಿಳಾಸ ಗುಜರಿಗೆ ಹೋಗೋದು ಬೇಡ ಅನ್ನಿಸ್ತು.

ಹುಬ್ಬಳ್ಳಿ_ಅಕ್ಕ

ಬೆರಳಿನ ಮಾತಿನ ನಡುವೆ ಹೆಸರಿನ ಮಾತು ಮರೀಬೇಡಿ. ನಮ್ಮ ಕಡೆ ಹೆಸರು, ಅಪ್ಪನ ಹೆಸರು, ಮನೆತನ. ದಕ್ಷಿಣದ ಕಡೆ ಇನಿಷಿಯಲ್ಲು. ನನ್ನ ತಮ್ಮನ ಹಳೇ ಪಾಸ್‌ಪೋರ್ಟಿನಲ್ಲಿ ಮನೆತನದ ಜಾಗ ಖಾಲಿ ಇತ್ತು. 2022ರ ನವೆಂಬರಿನಲ್ಲಿ ಯುಎಇಯವರು ಒಂದೇ ಹೆಸರು ಇದ್ದವರಿಗೆ ಪ್ರವಾಸಿ ವೀಸಾ ಇಲ್ಲ ಅಂದುಬಿಟ್ಟರು. ಟಿಕೆಟ್ ದುಡ್ಡು ಹೋಯ್ತು. ಚಿಪ್ಪಿನಲ್ಲಿ ಒಮ್ಮೆ ಸಹಿಯಾಗಿ ಕೂತ ಹೆಸರನ್ನು ತಿದ್ದೋಕೆ ಬರಲ್ಲ, ಹೊಸ ಪುಸ್ತಕವೇ ಮಾಡಿಸಬೇಕು, ಅಲ್ವಾ? ಹಾಗಿದ್ರೆ ಅರ್ಜಿ ಹಾಕುವಾಗಲೇ ಮನೆತನದ ಕಾಲಂ ತುಂಬಿ, ಕೌಂಟರಿನ ಪರದೆಯಲ್ಲಿ ಒಂದೊಂದೇ ಅಕ್ಷರ ನೋಡಿ. ಆತುರ ಬೇಡ.

ಆ ಅಮ್ಮ ಕೈ ಮುಚ್ಚಿಕೊಂಡರು ಅನ್ನೋದು ಓದಿ ಕಣ್ಣಲ್ಲಿ ನೀರು ಬಂತು. ನಮ್ಮಲ್ಲಿ ಹತ್ತಿ ಬಿಡಿಸುವ ಹೆಣ್ಣುಮಕ್ಕಳ ಬೆರಳೂ ಹೀಗೇ. ರೇಷನ್ ಅಂಗಡಿಯಲ್ಲಿ ಹೆಬ್ಬೆಟ್ಟು ಬಾರದೆ ವಾಪಸ್ ಹೋದವರನ್ನು ನಾನು ನೋಡಿದ್ದೀನಿ.

ಟರ್ಮಿನಲ್_ಎರಡು

ಗೊಂದಲ ಆಗದಿರಲಿ ಅಂತ ಒಂದಿಷ್ಟು. ಬೆಂಗಳೂರು ಏರ್‌ಪೋರ್ಟಿನಲ್ಲಿ ಮುಖ ತೋರಿಸಿ ಒಳಗೆ ಹೋಗೋ ಡಿಜಿಯಾತ್ರಾ ಬೇರೆ, ಇ-ಪಾಸ್‌ಪೋರ್ಟ್ ಬೇರೆ. ಡಿಜಿಯಾತ್ರಾ 2022ರ ಡಿಸೆಂಬರ್ 1ಕ್ಕೆ ದೆಹಲಿ, ವಾರಾಣಸಿ ಜೊತೆ ನಮ್ಮಲ್ಲೂ ಶುರುವಾಯ್ತು. ನಡೆಸೋದು ಒಂದು ಫೌಂಡೇಶನ್. ಅದರಲ್ಲಿ ವಿಮಾನ ನಿಲ್ದಾಣ ಪ್ರಾಧಿಕಾರದ ಪಾಲು 26%, ಉಳಿದದ್ದು ಬೆಂಗಳೂರೂ ಸೇರಿ ಐದು ಏರ್‌ಪೋರ್ಟ್ ಕಂಪನಿಗಳದ್ದು. ಅದು ಕಡ್ಡಾಯ ಅಲ್ಲ. ಬೇಡ ಅಂದರೆ ಮಾಮೂಲಿ ಸಾಲಿಗೆ ಹೋಗಿ, ಯಾರೂ ತಡೆಯುವ ಹಾಗಿಲ್ಲ.

ವಿದೇಶಕ್ಕೆ ಹೋಗಿ ಬರೋರಿಗೆ ಬೇರೆ ಒಂದು ಯೋಜನೆ ಇದೆ. ಮೊದಲೇ ನೋಂದಾಯಿಸಿ ಬೆರಳಚ್ಚು, ಮುಖ ಕೊಟ್ಟರೆ ಇ-ಗೇಟಿನಲ್ಲಿ ಬೇಗ ಹೋಗಬಹುದು. 2024ರ ಜೂನ್‌ನಲ್ಲಿ ದೆಹಲಿಯಲ್ಲಿ, 2025ರ ಜನವರಿ 16ಕ್ಕೆ ಬೆಂಗಳೂರಿನಲ್ಲಿ ಬಂತು. ಪದೇ ಪದೇ ಓಡಾಡೋರಿಗೆ ಅನುಕೂಲ. ವರ್ಷಕ್ಕೊಮ್ಮೆ ಹೋಗೋ ಅಮ್ಮಂದಿರಿಗೆ ಬೇಕಾಗಿಲ್ಲ.

ಹಳೇ ಪಾಸ್‌ಪೋರ್ಟ್ ಇರೋರು ಓಡಬೇಡಿ. ಅವಧಿ ಮುಗಿಯೋವರೆಗೂ ಅದು ನಡೆಯುತ್ತೆ. ಶುಲ್ಕವೂ ಅಷ್ಟೇ, 36 ಪುಟಕ್ಕೆ 1,500 ರೂಪಾಯಿ. ಚಿಪ್ಪಿಗೆ ಅಂತ ಬೇರೆ ಕೇಳಿದರೆ ಅದು ದಲ್ಲಾಳಿಯ ಮಾತು, ಕೊಡಬೇಡಿ.

ನಾಗರಬಾವಿ_ಓದುಗ

ಎಲ್ಲರ ಮಾತೂ ಓದಿದೆ. ಮೊದಲು ಕೇಳಿದ್ದನ್ನು ಈಗ ಹಾಗೆ ಕೇಳಲ್ಲ. ಚಿಪ್ ಬೇಡ ಅಂತ ಇಲ್ಲಿ ಯಾರೂ ಹೇಳ್ತಿಲ್ಲ, ಅದು ನನಗೆ ತಡವಾಗಿ ಅರ್ಥ ಆಯ್ತು. ಸರಿ, ಹಾಗಿದ್ರೆ ಮುಂದೇನು ಮಾಡಬೇಕು? ಇಲ್ಲಿ ಬರೆದು ಇಲ್ಲೇ ಬಿಡೋದಾ? ಸರ್ಕಾರ ಜನರ ಮಾತಿಗೆ ಬಗ್ಗುತ್ತಾ?

ಕಾನೂನು_ಓದುವವಳು

ಬಗ್ಗುತ್ತೆ ಅಣ್ಣಾ, ಪಾಸ್‌ಪೋರ್ಟಿನಲ್ಲೇ ಬಗ್ಗಿದ್ದು ನೆನಪಿದೆ. 2018ರ ಜನವರಿಯಲ್ಲಿ, ಹತ್ತನೇ ತರಗತಿ ಪಾಸಾಗದೆ ಗಲ್ಫಿಗೆ ದುಡಿಯೋಕೆ ಹೋಗೋರಿಗೆ ಕಿತ್ತಳೆ ಬಣ್ಣದ ಪಾಸ್‌ಪೋರ್ಟ್ ಕೊಡ್ತೀವಿ ಅಂತ ಹೊರಟಿದ್ದರು. ಓದಿಲ್ಲ, ಬಡವ ಅಂತ ರಟ್ಟಿನ ಬಣ್ಣದಲ್ಲೇ ಸಾರಿದ ಹಾಗೆ. ಕೇರಳದಲ್ಲಿ ದೊಡ್ಡ ಕೂಗೆದ್ದಿತು, ಹೈಕೋರ್ಟಿಗೂ ಹೋದರು. ಆ ತಿಂಗಳ 30ಕ್ಕೇ ವಾಪಸ್ ತಗೊಂಡರು.

ಈಗ ಮೊದಲ ಹೆಜ್ಜೆ ಮಾಹಿತಿ ಹಕ್ಕಿನ ಅರ್ಜಿ. ಬೆಂಗಳೂರಿನ ಪ್ರಾದೇಶಿಕ ಪಾಸ್‌ಪೋರ್ಟ್ ಕಚೇರಿಯ ಮಾಹಿತಿ ಅಧಿಕಾರಿಗೆ. 10 ರೂಪಾಯಿಯ ಪೋಸ್ಟಲ್ ಆರ್ಡರ್ ಸಾಕು. ಕನ್ನಡದಲ್ಲೇ ಬರೀರಿ. ಕಾಯ್ದೆಯ 6ನೇ ಕಲಂ ಪ್ರಕಾರ ಆ ಪ್ರದೇಶದ ಆಡಳಿತ ಭಾಷೆಯಲ್ಲಿ ಅರ್ಜಿ ಕೊಡಬಹುದು. ಕೇಂದ್ರ ಸರ್ಕಾರದ ಕಚೇರಿ ಅಂತ ಹಿಂಜರೀಬೇಡಿ. 30 ದಿನದಲ್ಲಿ ಉತ್ತರ ಕೊಡಬೇಕು.

ಭದ್ರತೆ ಅನ್ನೋ ನೆಪ ಸಿಗದ ಹಾಗೆ ಪ್ರಶ್ನೆ ಚಿಕ್ಕದಾಗಿರಲಿ. ನನಗೆ ಕೊಟ್ಟ ಪಾಸ್‌ಪೋರ್ಟಿನ ಚಿಪ್ಪಿನಲ್ಲಿ ಯಾವ ಯಾವ ವಿವರ ಇದೆ. ಕೇಂದ್ರದಲ್ಲಿ ತಗೊಂಡ ಬೆರಳಚ್ಚನ್ನು ಪಾಸ್‌ಪೋರ್ಟ್ ಕೊಟ್ಟ ಮೇಲೆ ಎಷ್ಟು ಕಾಲ ಇಡ್ತೀರಿ, ಯಾವ ನಿಯಮದಡಿ. ಚಿಪ್ಪಿನಲ್ಲಿರುವುದನ್ನು ನಾನೇ ನೋಡೋಕೆ ಯಾವ ಕೇಂದ್ರದಲ್ಲಿ ಯಂತ್ರ ಇದೆ. ಇಷ್ಟೇ. ಯಾಕೆ, ಏನು ಅಂತ ವಾದ ಮಾಡಬೇಡಿ. ದಾಖಲೆ ಮಾತ್ರ ಕೇಳಿ.

ಅದರ ಪ್ರತಿ ನಿಮ್ಮ ಸಂಸದರಿಗೂ ಕಳಿಸಿ. 1967ರ ಕಾಯ್ದೆಯಲ್ಲಿ ಏನು ತಗೋಬೇಕು, ಎಲ್ಲಿಡಬೇಕು, ಯಾವಾಗ ಅಳಿಸಬೇಕು ಅಂತ ಬರೆಯೋದು ಸಂಸತ್ತಿನ ಕೆಲಸ, ಕಚೇರಿಯದ್ದಲ್ಲ.

ಕಡಲ_ಕೆಲಸ

185ನೇ ಒಪ್ಪಂದದ ಆ ಎರಡು ಮಾತನ್ನೂ ಸಂಸದರ ಪತ್ರದಲ್ಲಿ ಸೇರಿಸಿ. ನಾನು ಮುಂದಿನ ವಾರ ಹಡಗು ಹತ್ತುತ್ತೀನಿ, ಅಷ್ಟರೊಳಗೆ ಕನ್ನಡಕ್ಕೆ ಮಾಡಿ ಇಲ್ಲೇ ಹಾಕ್ತೀನಿ.

ತೋಟದಮನೆ

ಅರ್ಜಿ ಬರೆದಾಯ್ತು. ಒಂದೇ ಪುಟ. ರಾತ್ರಿ ಊಟ ಆದ ಮೇಲೆ ಅಮ್ಮನಿಗೆ ಓದಿ ಹೇಳಿದೆ. ಮೊದಲು ನನ್ನ ಹೆಸರಲ್ಲಿ ಬರೆದಿದ್ದೆ. ಅಮ್ಮ ಒಪ್ಪಲಿಲ್ಲ. "ಬೆರಳು ನಂದು, ಕಾಗದವೂ ನನ್ನ ಹೆಸರಲ್ಲೇ ಹೋಗಲಿ" ಅಂದರು. ಮತ್ತೆ ಬರೆದೆ.

ಸಹಿ ಹಾಕುವಾಗ ಇಂಕ್ ಪ್ಯಾಡ್ ತರಲಾ ಅಂತ ತಂಗಿಯ ಮಗಳು ಕೇಳಿದಳು, ರಜೆಗೆ ಬಂದಿದ್ದಾಳೆ. ಅಮ್ಮ ಪೆನ್ನು ಕೇಳಿ ಇಸಕೊಂಡರು. ಏಳನೇ ತರಗತಿವರೆಗೆ ಓದಿದವರು. ಪೂರ್ತಿ ಹೆಸರು, ಕನ್ನಡದಲ್ಲಿ, ನಿಧಾನಕ್ಕೆ ಬರೆದರು.

ನಾಳೆ ಪೋಸ್ಟ್ ಆಫೀಸಿಗೆ ಹೋಗ್ತೀನಿ. ಉತ್ತರ ಬಂದ ದಿನ ಇಲ್ಲೇ ಹಾಕ್ತೀನಿ.